ಅವ್ವನ ಜೊತೆ ಬುಸಾನ್: ಮೂರು ರಾತ್ರಿ, ದಿನಕ್ಕೆ ಒಂದೇ ದಿಕ್ಕು

ಬುಸಾನಿಗೆ ಹೋಗುವವರಿಗೆ ನನ್ನ ಮೊದಲ ಮಾತು ಇದು: ರೂಮನ್ನು ಸಮುದ್ರದ ಪಕ್ಕ ಮಾಡಬೇಡಿ, ಸೊಮ್ಯೊನ್‌ನಲ್ಲಿ ಮಾಡಿ. ಸಮುದ್ರ ನೋಡೋಕೆ ತಾನೇ ಅಲ್ಲಿಗೆ ಹೋಗೋದು ಅಂತ ನೀವು ಕೇಳಬಹುದು. ಆದರೆ ಈ ಊರು ನಾವು ಅಂದುಕೊಂಡಷ್ಟು ಚಿಕ್ಕದಲ್ಲ. ಸುಮಾರು 33 ಲಕ್ಷ ಜನ ಇರುವ, ಕೊರಿಯಾದ ಎರಡನೇ ದೊಡ್ಡ ಊರು. ಗುಡ್ಡಗಳ ಸಂದಿಯಲ್ಲಿ, ಕಡಲ ತೀರದ ಉದ್ದಕ್ಕೆ ಹರಡಿಕೊಂಡಿದೆ. ಮೀನು ಮಾರ್ಕೆಟ್ ಒಂದು ತುದಿ, ಹೆಯುಂದೆ ಬೀಚ್ ಇನ್ನೊಂದು ತುದಿ. ಮೆಟ್ರೋ 1ನೇ ಲೈನ್ ಮತ್ತು 2ನೇ ಲೈನ್ ಸೇರುವ ಜಾಗ ಸೊಮ್ಯೊನ್. ಅಲ್ಲಿ ಉಳಿದರೆ ಈ ಎರಡು ತುದಿಗೂ ಒಂದೇ ರೈಲು. ಇಳಿದು ಹತ್ತುವ ಕೆಲಸ ಇಲ್ಲ. ವಯಸ್ಸಾದವರು ಜೊತೆಗಿದ್ದರೆ ಈ ಒಂದು ವಿಷಯ ಎಷ್ಟು ದೊಡ್ಡದು ಅಂತ ಹೋದ ಮೇಲೆ ಗೊತ್ತಾಗುತ್ತದೆ.

ನನ್ನ ಜೊತೆ ಇದ್ದದ್ದು ಅವ್ವ. 68 ವರ್ಷ. ಪೊನ್ನಂಪೇಟೆ ಹತ್ತಿರ ನಮ್ಮ ಕಾಫಿ ತೋಟ. ತೋಟದಲ್ಲಿ ದಿನಾ ಏರು ಇಳಿ ನಡೆದ ಕಾಲು ಅದು, ಆದರೂ ಎರಡು ವರ್ಷದಿಂದ ಬಲ ಮಂಡಿ ತೊಂದರೆ ಕೊಡುತ್ತಿದೆ. ನನಗೆ ಆಫೀಸ್ ಕೆಲಸದ ಮೇಲೆ ಸೋಲ್‌ಗೆ ಹೋಗುವುದಿತ್ತು. ನವೆಂಬರ್ ಮೊದಲ ವಾರ. ಕಾಫಿ ಕುಯ್ಲು ಶುರುವಾದರೆ ಅವ್ವ ತೋಟ ಬಿಟ್ಟು ಕದಲುವುದಿಲ್ಲ. ಅದಕ್ಕೆ ಮುಂಚೆ ಹೊರಡಿಸಿದೆ. ನಮ್ಮ ಪಾಸ್‌ಪೋರ್ಟಿಗೆ ಕೊರಿಯಾ ವೀಸಾ ಬೇಕೇ ಬೇಕು. ಆ ಕಾಗದಪತ್ರಕ್ಕೆ ಸಾಕಷ್ಟು ಮೊದಲೇ ಕೂತುಕೊಳ್ಳಿ.

ಸೋಲ್ ಕೆಲಸ ಮುಗಿದ ಮೇಲೆ ಕೈಯಲ್ಲಿ ಇದ್ದದ್ದು ಮೂರು ರಾತ್ರಿ. ಬೆಂಗಳೂರಿನ ಒಬ್ಬ ಏಜೆಂಟ್ ಮೊದಲೇ ಒಂದು ಪ್ಲಾನ್ ಕಳಿಸಿದ್ದರು. ಅದರಲ್ಲಿ ಬುಸಾನಿಗೆ ಒಂದೇ ದಿನ. ಬೆಳಗ್ಗೆ ಹೋಗಿ ರಾತ್ರಿ ವಾಪಸ್, ಮಧ್ಯದಲ್ಲಿ ಏಳು ಜಾಗ. ಒಂದೊಂದು ಜಾಗಕ್ಕೂ ನಲವತ್ತು ನಿಮಿಷ. ಅದನ್ನು ನೋಡಿ ಅವ್ವ ಒಂದೇ ಮಾತು ಕೇಳಿದರು, "ಇದರಲ್ಲಿ ಕೂರುವುದು ಎಲ್ಲಿ?" ಆ ಪ್ಲಾನ್ ಬಿಟ್ಟೆ. ನಾನೇ ಮೆಟ್ರೋ ಮ್ಯಾಪ್ ಹರಡಿಕೊಂಡು ಕೂತೆ. ದಿನಕ್ಕೆ ಒಂದೇ ದಿಕ್ಕು ಅಂತ ಇಟ್ಟುಕೊಂಡೆ. ಈ ಬರಹ ಪೂರ್ತಿ ಅದೇ ಲೆಕ್ಕದ ಮೇಲೆ ನಿಂತಿದೆ.

ಸೋಲ್‌ನಿಂದ ಬುಸಾನಿಗೆ ಕೆಟಿಎಕ್ಸ್ ಅನ್ನುವ ಅತಿವೇಗದ ರೈಲು. ಎರಡೂವರೆ ಗಂಟೆ ಆಸುಪಾಸು. ಸಾಮಾನ್ಯ ಸೀಟಿಗೆ 59,800 ವಾನ್. ಸಾವಿರ ವಾನ್ ಅಂದರೆ ನಮ್ಮ ಸುಮಾರು 60 ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ಅಂದರೆ ಒಬ್ಬರಿಗೆ ಮೂರೂವರೆ ಸಾವಿರ ರೂಪಾಯಿ. ಕಡಿಮೆ ಏನಲ್ಲ. ಆದರೆ ಸೋಲ್ ಊರೊಳಗೆ ಹತ್ತಿ ಬುಸಾನ್ ಊರೊಳಗೆ ಇಳಿಯುತ್ತೀರಿ, ವಿಮಾನದ ಓಡಾಟ ಉಳಿಯುತ್ತದೆ. ಶುಕ್ರವಾರ, ಶನಿವಾರ ಸೀಟು ಬೇಗ ತುಂಬುತ್ತದೆ. ನಮ್ಮ ಮುಂದಿನ ಸೀಟಿನಲ್ಲಿದ್ದ ಮಗು "ಅಪ್ಪಾ, ಅಪ್ಪಾ" ಅಂತ ಅಳುತ್ತಿತ್ತು. ಕೊರಿಯನ್ನರೂ ಅಪ್ಪನಿಗೆ ಅಪ್ಪ ಅಂತಲೇ ಕರೆಯುವುದು. ಅವ್ವ ಆ ಮಗುವಿಗೆ ಕನ್ನಡದಲ್ಲೇ ಸಮಾಧಾನ ಮಾಡಿದರು. ಅದು ಸುಮ್ಮನೂ ಆಯಿತು.

ಮೊದಲ ದಿನ ದಕ್ಷಿಣ ದಿಕ್ಕು. ಬ್ಯಾಗ್ ರೂಮಿನಲ್ಲಿಟ್ಟು 1ನೇ ಲೈನ್ ಹಿಡಿದೆವು. ಇಲ್ಲಿ ಮೆಟ್ರೋ ಬಗ್ಗೆ ಹೇಳಲೇಬೇಕು. ನನ್ನ ಲೆಕ್ಕದಲ್ಲಿ ಈ ಪ್ರವಾಸದಲ್ಲಿ ಪೂರ್ತಿ ಅಂಕ ಪಡೆದದ್ದು ಅದೇ. ಸೋಲ್‌ನಲ್ಲಿ ತಗೊಂಡ ಟಿ-ಮನಿ ಕಾರ್ಡ್ ಇಲ್ಲಿಯೂ ನಡೆಯುತ್ತದೆ, ಮೆಟ್ರೋಗೂ ಬಸ್ಸಿಗೂ. ಆದರೆ ಅದಕ್ಕೆ ದುಡ್ಡು ತುಂಬಿಸಲು ನೋಟು ಬೇಕು. ಸ್ವಲ್ಪ ನಗದು ಇಟ್ಟುಕೊಂಡಿರಿ. ಹತ್ತಿರದ ದೂರಕ್ಕೆ 1,600 ವಾನ್ ಕಡಿತವಾಗುತ್ತಿತ್ತು. ಪ್ರತಿ ಬೋಗಿಯ ಕೊನೆಯಲ್ಲಿ ವಯಸ್ಸಾದವರ ಸೀಟು. ಬೋಗಿ ತುಂಬಿ ತುಳುಕುತ್ತಿದ್ದರೂ ಹುಡುಗರು ಆ ಸೀಟಿನಲ್ಲಿ ಕೂರುವುದಿಲ್ಲ. ಅವ್ವನಿಗೆ ಒಂದು ಸಲವೂ ನಿಲ್ಲಬೇಕಾಗಲಿಲ್ಲ. ಲೈನ್ ಬದಲಿಸುವ ನಿಲ್ದಾಣ ಹತ್ತಿರ ಬಂದಾಗ ಸ್ಪೀಕರಿನಲ್ಲಿ ಕಡಲ ಹಕ್ಕಿಯ ಕೂಗು ಕೇಳಿಸುತ್ತದೆ. ಎರಡನೇ ದಿನದಿಂದ ಅವ್ವ ಬೋರ್ಡ್ ನೋಡುವುದನ್ನೇ ಬಿಟ್ಟರು. ಹಕ್ಕಿ ಕೂಗಿದರೆ ಎದ್ದು ನಿಲ್ಲುತ್ತಿದ್ದರು.

ಒಂದು ಎಚ್ಚರಿಕೆ. ನಿಲ್ದಾಣದ ಎಲ್ಲಾ ಬಾಗಿಲಿಗೂ ಲಿಫ್ಟ್ ಇರುವುದಿಲ್ಲ. ಗೂಗಲ್ ಮ್ಯಾಪ್ ನಂಬಿದರೆ ನಡೆಯುವ ದಾರಿಯೇ ಸರಿಯಾಗಿ ಸಿಗುವುದಿಲ್ಲ. ನೇವರ್ ಮ್ಯಾಪ್ ಹಾಕಿಕೊಳ್ಳಿ, ಇಂಗ್ಲಿಷ್‌ನಲ್ಲೂ ಇದೆ. ಯಾವ ನಂಬರಿನ ಬಾಗಿಲಿನಿಂದ ಹೊರಬರಬೇಕು ಅಂತ ಅದು ತೋರಿಸುತ್ತದೆ. ತಪ್ಪು ಬಾಗಿಲಿನಿಂದ ಬಂದರೆ ದೊಡ್ಡ ರಸ್ತೆಯ ಆ ಕಡೆ ನಿಂತಿರುತ್ತೀರಿ. ಮತ್ತೆ ಮೆಟ್ಟಿಲು ಇಳಿದು, ಮತ್ತೆ ಹತ್ತಬೇಕು.

ಜಗಲ್ಚಿ ಕೊರಿಯಾದ ದೊಡ್ಡ ಮೀನು ಮಾರ್ಕೆಟ್. ರಬ್ಬರ್ ಬೂಟು, ರಬ್ಬರ್ ಏಪ್ರನ್ ಹಾಕಿಕೊಂಡ ಹೆಂಗಸರೇ ಇಲ್ಲಿ ಯಜಮಾನರು. ಅವರಿಗೆ ಜಗಲ್ಚಿ ಅಜುಮ್ಮ, ಅಂದರೆ ಜಗಲ್ಚಿಯ ನಡುವಯಸ್ಸಿನ ಹೆಂಗಸರು, ಅಂತಲೇ ಹೆಸರು. ಜೀವಂತ ಮೀನು, ಏಡಿ, ಆಕ್ಟೋಪಸ್ ತೊಟ್ಟಿಯೊಳಗೆ ಓಡಾಡುತ್ತಿರುತ್ತವೆ. ಫೋಟೋ ತೆಗೆಯುವವರೆಲ್ಲ ಅಲ್ಲೇ ನಿಲ್ಲುತ್ತಾರೆ. ಆದರೆ ಅವ್ವನಿಗೆ ಹಿಡಿಸಿದ್ದು ಹತ್ತಿರದ ನಾಂಪೊ ಕಡೆಯ ಒಣಮೀನಿನ ಬೀದಿ. ಗೋಣಿಕೊಪ್ಪದ ಸಂತೆಯಲ್ಲಿ ಒಣಮೀನು ಆರಿಸುವ ಹಾಗೆಯೇ ಆರಿಸಲು ಶುರು ಮಾಡಿದರು. ಕಿರುಬೆರಳಷ್ಟು ಉದ್ದದ ಒಣ ಮೀನಿನ ರಾಶಿ. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಹೊಟ್ಟೆ ಒಡೆದಿದೆಯಾ ನೋಡಿದರು. ಉಗುರಿನಲ್ಲಿ ಮುರಿದು ಮೂಸಿದರು. ಅಂಗಡಿಯ ಅಜ್ಜಿ ಅದನ್ನೇ ನೋಡುತ್ತಿದ್ದವರು ಆ ರಾಶಿಯನ್ನು ಪಕ್ಕಕ್ಕೆ ತಳ್ಳಿ, ಒಳಗಿನಿಂದ ಬೇರೆ ಡಬ್ಬ ತಂದು ಮುಂದಿಟ್ಟರು. ಆ ಮೀನು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಇಬ್ಬರ ಮಧ್ಯೆ ಒಂದು ಪದವೂ ಹೊಂದುವುದಿಲ್ಲ, ಆದರೂ ಹತ್ತು ನಿಮಿಷ ಮಾತಾಡಿದರು. ಲಗೇಜಿಗೆ ಹೆದರಿ ಮೀನು ತಗೊಳ್ಳಲು ನಾನು ಬಿಡಲಿಲ್ಲ. ಸುಟ್ಟು ತಿನ್ನುವ ಕಡಲ ಪಾಚಿಯ ಹಾಳೆ, ಅವರು ಗಿಮ್ ಅನ್ನುತ್ತಾರೆ, ಅದನ್ನು ನಾಲ್ಕು ಕಟ್ಟು ತಗೊಂಡರು. ಆ ಅಜ್ಜಿ ಒಂದು ಕಟ್ಟು ಸುಮ್ನೆ ಕೊಟ್ಟರು.

ಮಾರ್ಕೆಟಿನ ಕಡೆ ಊಟ ಮಾಡುವುದಾದರೆ ಮೊದಲೇ ರೇಟು ಕೇಳಿ. ಕೆಳಗಡೆ ಮೀನು ಕೊಂಡು ಮೇಲಿನ ಮಹಡಿಯಲ್ಲಿ ಮಾಡಿಸಿಕೊಂಡು ತಿನ್ನುವ ಪದ್ಧತಿ ಇದೆ. ಮೀನಿನ ದುಡ್ಡು ಬೇರೆ, ಕೂತು ತಿನ್ನಲು ತಲೆಗೆ ಇಷ್ಟು ಅಂತ ಬೇರೆ. ನಾವು ಹೋದ ಒಂದು ಅಂಗಡಿಯಲ್ಲಿ ಅದನ್ನು ಮುಂಚೆ ಹೇಳಲಿಲ್ಲ. ಬಿಲ್ಲು ಬಂದಾಗ ನನಗೆ ಬೇಸರವಾಯಿತು. ಫೋನಿನ ಕ್ಯಾಲ್ಕುಲೇಟರ್ ಮುಂದೆ ಹಿಡಿದು ಒಟ್ಟು ಎಷ್ಟು ಅಂತ ಒತ್ತಿಸಿಕೊಂಡರೆ ಆ ತೊಂದರೆ ಇರುವುದಿಲ್ಲ. ಅಲ್ಲಿಂದ ಹತ್ತಿರದಲ್ಲೇ ಬಿಫ್ ಚೌಕ, ಬುಸಾನ್ ಸಿನಿಮಾ ಉತ್ಸವದ ಹೆಸರಿನದು. ಸಿಯಾತ್ ಹೊತ್ತೋಕ್ ಅಂತ ಒಂದು ತಿಂಡಿ ಮಾಡುತ್ತಾರೆ. ಸಿಹಿ ಹೂರಣದ ಹಿಟ್ಟನ್ನು ಎಣ್ಣೆಯಲ್ಲಿ ಬೇಯಿಸಿ, ಹೊಟ್ಟೆ ಸೀಳಿ, ಸೂರ್ಯಕಾಂತಿ ಬೀಜ, ಕಡಲೆಬೀಜ ಎಲ್ಲ ತುಂಬಿ ಕೊಡುತ್ತಾರೆ. ಬಿಸಿ ಇರುವಾಗಲೇ ತಿನ್ನಬೇಕು. ಇದಕ್ಕಾಗಿ ಕ್ಯೂ ನಿಲ್ಲುವುದು ನ್ಯಾಯ.

ಗಮ್ಚೊನ್‌ಗೆ ತೊಸೊಂಗ್ ನಿಲ್ದಾಣದಲ್ಲಿ ಇಳಿದು ಪುಟ್ಟ ಬಸ್ಸು ಹತ್ತಬೇಕು. ಗುಡ್ಡದ ಮೇಲೆ ಮೆಟ್ಟಿಲ ಹಾಗೆ ಜೋಡಿಸಿದ ಬಣ್ಣ ಬಣ್ಣದ ಮನೆಗಳು. 1950ರ ಕೊರಿಯಾ ಯುದ್ಧದ ಕಾಲದಲ್ಲಿ ನೆಲೆ ಕಳೆದುಕೊಂಡು ಬಂದ ಜನ ಕಟ್ಟಿಕೊಂಡ ಊರು ಇದು. ಆಗ ಬುಸಾನೇ ದೇಶದ ತಾತ್ಕಾಲಿಕ ರಾಜಧಾನಿ, ಎಲ್ಲಾ ಕಡೆಯಿಂದ ಜನ ಇಲ್ಲಿಗೇ ಓಡಿ ಬಂದಿದ್ದರು. ಯಾವ ಮನೆಯೂ ಹಿಂದಿನ ಮನೆಯ ನೋಟ ಮುಚ್ಚದ ಹಾಗೆ ಕಟ್ಟಿದ್ದಾರೆ. 2009ರಲ್ಲಿ ಕಲಾವಿದರು, ಊರಿನವರು ಸೇರಿ ಬಣ್ಣ, ಶಿಲ್ಪ ಎಲ್ಲ ಮಾಡಿದ ಮೇಲೆ ಪ್ರವಾಸಿಗರು ಬರತೊಡಗಿದರು. ನೋಡಲು ಚಂದ. ಆದರೆ ಮಂಡಿ ನೋವಿದ್ದವರಿಗೆ ಕಷ್ಟ. ಮೇಲಿನ ರಸ್ತೆಯಲ್ಲಿ ನಡೆದು ಮೊದಲನೇ ನೋಟದ ಕಟ್ಟೆಯಲ್ಲಿ ಕೂತರೆ ಸಾಕು, ಮುಕ್ಕಾಲು ಪಾಲು ಸಿಕ್ಕಿದ ಹಾಗೆ. ಒಳಗಿನ ಓಣಿಗೆ ಇಳಿಯಬೇಡಿ. ಇನ್ನೊಂದು ಮಾತು, ಆ ಮನೆಗಳಲ್ಲಿ ಇವತ್ತಿಗೂ ಜನ ಇದ್ದಾರೆ. ಬಟ್ಟೆ ಒಣಗುತ್ತಿರುತ್ತದೆ, ಒಳಗೆ ಅಡುಗೆ ಆಗುತ್ತಿರುತ್ತದೆ. ಕಿಟಕಿಯೊಳಗೆ ಕ್ಯಾಮೆರಾ ಹಿಡಿಯುವವರನ್ನು ನೋಡಿ ನನಗೆ ಸಂಕಟವಾಯಿತು. ದಯವಿಟ್ಟು ಹಾಗೆ ಮಾಡಬೇಡಿ.

ರಾತ್ರಿ ಸೊಮ್ಯೊನ್‌ನಲ್ಲಿ ಊಟ. ನಿಲ್ದಾಣದಿಂದ ಸ್ವಲ್ಪ ನಡೆದರೆ ದ್ವೇಜಿ ಗುಕ್‌ಬಾಪ್ ಅಂಗಡಿಗಳೇ ಸಾಲಾಗಿರುವ ಒಂದು ಓಣಿ ಇದೆ. ಹಂದಿಯ ಮೂಳೆ ಕುದಿಸಿದ ಬಿಳಿ ಸಾರು, ಅದರಲ್ಲಿ ತೆಳ್ಳಗೆ ಹೆಚ್ಚಿದ ಮಾಂಸ, ಅನ್ನ. ಯುದ್ಧ ಕಾಲದ ಬಡತನದಲ್ಲಿ ಬೆಳೆದ ಊಟ ಅಂತ ಇಲ್ಲಿಯವರು ಹೇಳುತ್ತಾರೆ. ಬೆಲೆ ಸುಮಾರು 10,000 ವಾನ್. ಹೊರಗೆ ದೊಡ್ಡ ಹಂಡೆಯಲ್ಲಿ ಸಾರು ಕುದಿಯುತ್ತಿದ್ದ ಒಂದು ಅಂಗಡಿಗೆ ಹೋದೆವು.

ನಾವು ಕೊಡವರು. ಹಂದಿ ಮಾಂಸದ ವಿಷಯದಲ್ಲಿ ಅವ್ವನನ್ನು ಒಪ್ಪಿಸುವುದು ಸುಲಭವಲ್ಲ. ಮಣ್ಣಿನ ಬಟ್ಟಲು ಮೇಜಿಗೆ ಬಂದಾಗ ಇನ್ನೂ ಕುದಿಯುತ್ತಿತ್ತು. ಉಪ್ಪಿಲ್ಲ, ಖಾರವಿಲ್ಲ, ಹಾಲಿನಷ್ಟು ಬಿಳಿ. ಅವ್ವ ಒಂದು ಚಮಚ ಕುಡಿದು ನನ್ನ ಮುಖ ನೋಡಿದರು. ಅಷ್ಟರಲ್ಲಿ ಅಂಗಡಿಯ ಹೆಂಗಸು ಬಂದು "ಒಮೊನಿ" ಅಂದರು. ಅಮ್ಮಾ ಅಂತ ಅರ್ಥ. ಕೈ ಹಿಡಿದು ಹೇಳಿಕೊಟ್ಟ ಹಾಗೆ ತೋರಿಸಿದರು. ಮೊದಲು ಉಪ್ಪಿನಲ್ಲಿ ಹಾಕಿದ ಪುಟ್ಟ ಸಿಗಡಿ ಅರ್ಧ ಚಮಚ. ಆಮೇಲೆ ಖಾರದಲ್ಲಿ ಕಲಸಿದ ಹಸಿರು ಬುಚು ಸೊಪ್ಪು, ನೋಡಲು ಈರುಳ್ಳಿ ಸೊಪ್ಪಿನ ಹಾಗೆ, ವಾಸನೆ ಬೆಳ್ಳುಳ್ಳಿಯದು. ಅದನ್ನು ಪೂರ್ತಿ ಸಾರಿಗೆ ಸುರಿದು ಒಳಗೆ ಒತ್ತಿದರು. ಸೊಪ್ಪು ಬಾಡಿತು, ಸಾರಿನ ಅಂಚು ಕೆಂಪಾಯಿತು. ಈಗ ಕುಡಿಯಿರಿ ಅಂತ ಕೈ ಸನ್ನೆ. ಅವ್ವ ಕುಡಿದರು. ಆಮೇಲೆ ಬಟ್ಟಲು ಖಾಲಿಯಾಗುವವರೆಗೂ ಮಾತಿಲ್ಲ. ಕೊನೆಗೆ ಹೇಳಿದ್ದು, "ಮಾಂಸದ ವಾಸನೆ ಒಂಚೂರೂ ಇಲ್ಲ. ಚೆನ್ನಾಗಿ ತೊಳೆದಿದ್ದಾರೆ, ತಾಳ್ಮೆಯಿಂದ ಕುದಿಸಿದ್ದಾರೆ. ಎರಡು ಹನಿ ಕಾಚಂಪುಳಿ ಇದ್ದಿದ್ರೆ ನಮ್ಮ ಮನೆಯದೇ." ಕಾಚಂಪುಳಿ ಅಂದರೆ ಹಂದಿ ಮಾಂಸಕ್ಕೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿ. ಪಂದಿ ಕರಿ ಮಾಡುವ ಕೈಯಿಂದ ಬಂದ ಈ ಮಾತಿಗಿಂತ ದೊಡ್ಡ ರೇಟಿಂಗ್ ನನಗೆ ಗೊತ್ತಿಲ್ಲ. ಮೂರು ರಾತ್ರಿಯಲ್ಲಿ ಎರಡು ರಾತ್ರಿ ಅಲ್ಲೇ ಉಂಡೆವು.

ಸಸ್ಯಾಹಾರಿಗಳಿಗೆ ಮಾತ್ರ ಬುಸಾನ್ ಕಷ್ಟದ ಊರು. ಬರೀ ತರಕಾರಿ ಕಾಣುವ ಸಾರಿನಲ್ಲೂ ಒಣಮೀನು ಕುದಿಸಿರುತ್ತಾರೆ. ಕಿಮ್ಚಿಯಲ್ಲಿ ಮೀನಿನ ರಸ ಅಥವಾ ಸಿಗಡಿ ಇರುವುದೇ ಜಾಸ್ತಿ. ಬಿಬಿಂಬಾಪ್ ಅಂತ ತರಕಾರಿ ಕಲಸಿ ತಿನ್ನುವ ಅನ್ನ ಇದೆ, ಅದನ್ನು ಮಾಂಸ, ಮೊಟ್ಟೆ ಬಿಟ್ಟು ಕೇಳಿ ಪಡೆಯಬಹುದು. ಮಾಂಸ, ಮೀನು, ಮೊಟ್ಟೆ ಬೇಡ ಅನ್ನುವುದನ್ನು ಕೊರಿಯನ್‌ನಲ್ಲಿ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಜೊತೆಗಿದ್ದರೆ ಧೈರ್ಯ.

ಎರಡನೇ ದಿನ ಪೂರ್ವ ದಿಕ್ಕು. ಎಲ್ಲರೂ ಹೆಯುಂದೆಯಿಂದ ಶುರು ಮಾಡುತ್ತಾರೆ. ನಾವು ತಿರುಗಿಸಿ ಮಾಡಿದೆವು, ಅದೇ ಒಳ್ಳೆಯದಾಯಿತು. ಮೊದಲು ಹೆದೊಂಗ್ ಯೊಂಗ್ಗುಂಗ್ಸಾ ದೇವಸ್ಥಾನ. ಬೆಳಗ್ಗೆ ಎಂಟಕ್ಕೆಲ್ಲ ಅಲ್ಲಿದ್ದೆವು. ಕಡಲ ಬಂಡೆಯ ಮೇಲೆಯೇ ಕಟ್ಟಿದ ಬೌದ್ಧ ದೇವಾಲಯ. 1376ರಲ್ಲಿ ಶುರುವಾದದ್ದು, ಜಪಾನಿನ ದಾಳಿಯಲ್ಲಿ ಸುಟ್ಟು, 1930ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಹೋಗಲು ದುಡ್ಡಿಲ್ಲ. 108 ಮೆಟ್ಟಿಲು ಇಳಿಯಬೇಕು, ವಾಪಸ್ ಬರುವಾಗ ಅಷ್ಟನ್ನೂ ಹತ್ತಬೇಕು. ಬಾಗಿಲಲ್ಲೇ ರಸ್ತೆ ಅಪಘಾತ ಆಗದಿರಲಿ ಅಂತ ಒಂದು ಗೋಪುರ ಕಟ್ಟಿದ್ದಾರೆ. ಅವ್ವ ಅಲ್ಲಿ ಜಾಸ್ತಿ ಹೊತ್ತು ನಿಂತರು. ನನ್ನ ತಮ್ಮ ವಾರಕ್ಕೊಮ್ಮೆ ರಾತ್ರಿ ಬೆಂಗಳೂರಿಂದ ಕಾರು ಓಡಿಸಿಕೊಂಡು ಊರಿಗೆ ಬರುತ್ತಾನೆ. ಮೆಟ್ಟಿಲು ನಿಧಾನಕ್ಕೆ, ಕಂಬಿ ಹಿಡಿದು, ಮೂರು ಕಡೆ ನಿಂತು ಇಳಿದೆವು. ಸೇತುವೆಯ ಮೇಲೆ ನಿಂತಾಗ ಕೆಳಗೆ ಅಲೆ ಬಂಡೆಗೆ ಬಡಿಯುತ್ತಿತ್ತು, ಮೇಲೆ ಮಂತ್ರ. ಒಂಬತ್ತೂವರೆ ಹೊತ್ತಿಗೆ ಬಸ್ಸುಗಳು ಬಂದವು, ಮೆಟ್ಟಿಲಲ್ಲಿ ಕಾಲಿಡಲು ಜಾಗವಿಲ್ಲ. ತಡವಾಗಿ ಹೋಗುವುದಾದರೆ ಇದನ್ನು ಬಿಟ್ಟುಬಿಡಿ ಅನ್ನುತ್ತೇನೆ. ಆ ಜನಜಂಗುಳಿಯಲ್ಲಿ ವಯಸ್ಸಾದವರನ್ನು ಇಳಿಸುವುದು ಸರಿಯಲ್ಲ.

ಅಲ್ಲಿಂದ ಟ್ಯಾಕ್ಸಿಯಲ್ಲಿ ಸೊಂಗ್ಜೊಂಗ್. ಹಳೆಯ ರೈಲು ಹಳಿಯ ಮೇಲೆ 2020ರಿಂದ ಒಂದು ಬೀಚ್ ಟ್ರೈನ್ ಓಡುತ್ತದೆ. ಹೆಯುಂದೆ ಬ್ಲೂಲೈನ್ ಪಾರ್ಕ್ ಅಂತ ಹೆಸರು. ಸೊಂಗ್ಜೊಂಗ್‌ನಿಂದ ಮಿಪೊವರೆಗೆ 4.8 ಕಿಲೋಮೀಟರ್. ಸೀಟುಗಳೆಲ್ಲ ಸಮುದ್ರದ ಕಡೆಗೇ ಮುಖ ಮಾಡಿವೆ. ಸೈಕಲ್ಲಿನಷ್ಟು ನಿಧಾನ. ಕೂತುಕೊಂಡೇ ಪೂರ್ತಿ ಕಡಲ ತೀರ ನೋಡಬಹುದು. ಮಧ್ಯದಲ್ಲಿ ಚೊಂಗ್ಸಾಪೊದಲ್ಲಿ ಇಳಿದೆವು. ಕೆಂಪು ಒಂದು, ಬಿಳಿ ಒಂದು, ಎದುರು ಬದುರು ಎರಡು ದೀಪಸ್ತಂಭ ಇರುವ ಮೀನುಗಾರರ ಹಳ್ಳಿ. ಮೇಲಿನ ಹಳಿಯಲ್ಲಿ ನಾಲ್ಕು ಜನ ಕೂರುವ ಬಣ್ಣದ ಪೆಟ್ಟಿಗೆಗಳು ಹೋಗುತ್ತವೆ, ಸ್ಕೈ ಕ್ಯಾಪ್ಸೂಲ್. ಚೊಂಗ್ಸಾಪೊದಿಂದ ಮಿಪೊವರೆಗಿನ 2 ಕಿಲೋಮೀಟರಿಗೆ ಅರ್ಧ ಗಂಟೆ. ಎಲ್ಲರೂ ಫೋಟೋಗೆ ಅದನ್ನೇ ಹತ್ತುತ್ತಾರೆ. ದುಡ್ಡು ಜಾಸ್ತಿ, ಟಿಕೆಟ್ ಮೊದಲೇ ಮಾಡಿಸಬೇಕು. ಮದುವೆಯಾದ ಹೊಸಬರಿಗೆ ಅದು ಸರಿ. ಮನೆಯವರ ಜೊತೆ ಬಂದವರಿಗೆ ಕೆಳಗಿನ ರೈಲೇ ಸಾಕು, ನೋಟ ಅದೇ.

ಹೆಯುಂದೆ ಬೀಚ್ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಒಂದೂವರೆ ಕಿಲೋಮೀಟರ್ ಮರಳು, ಹಿಂದೆ ಮುಗಿಲೆತ್ತರದ ಕಟ್ಟಡ. ಅದರ ಪಕ್ಕದ ದೊಂಗ್‌ಬೆಕ್ ದ್ವೀಪಕ್ಕೆ ಮಾತ್ರ ಹೋಗಿ. ಹೆಸರಿಗೆ ದ್ವೀಪ, ನಡೆದೇ ಹೋಗಬಹುದು. ಕಡಲ ಬದಿಯಲ್ಲಿ ಮರಗಳ ನೆರಳಿನ ದಾರಿ, ಅಲ್ಲಲ್ಲಿ ಬೆಂಚು. ಶನಿವಾರವಾದರೆ ರಾತ್ರಿ ಗ್ವಾಂಗಲ್ಲಿ ಬೀಚಿನಲ್ಲಿ ಡ್ರೋನ್ ಪ್ರದರ್ಶನ, ಪುಕ್ಕಟೆ. 7.4 ಕಿಲೋಮೀಟರ್ ಉದ್ದದ ದೀಪದ ಸೇತುವೆಯ ಮುಂದೆ ನೂರಾರು ಡ್ರೋನ್ ಆಕಾಶದಲ್ಲಿ ಚಿತ್ರ ಬರೆಯುತ್ತವೆ. ಒಂದು ಗಂಟೆ ಮುಂಚೆ ಹೋಗಿ ಮರಳಿನ ಮೇಲೆ ಜಾಗ ಹಿಡಿಯಿರಿ. ಗಾಳಿ ಚಳಿ ಇರುತ್ತದೆ, ಶಾಲು ಮರೆಯಬೇಡಿ.

ಮೂರನೇ ದಿನದ ಬೆಳಗ್ಗೆ ನನ್ನ ಆಸೆಯ ಜಾಗ. ಯಾವ ಪ್ಯಾಕೇಜಿನಲ್ಲೂ ನಾನು ಅದನ್ನು ಕಾಣಲಿಲ್ಲ. 2ನೇ ಲೈನ್‌ನ ದೆಯೊನ್ ನಿಲ್ದಾಣದಿಂದ ಕಾಲು ಗಂಟೆ ನಡೆದರೆ ವಿಶ್ವಸಂಸ್ಥೆಯ ಸ್ಮಾರಕ ಸ್ಮಶಾನ. ಕೊರಿಯಾ ಯುದ್ಧದಲ್ಲಿ ಸತ್ತ ಬೇರೆ ಬೇರೆ ದೇಶದ ಸುಮಾರು 2,300 ಸೈನಿಕರು ಇಲ್ಲಿ ಮಲಗಿದ್ದಾರೆ. 1951ರಲ್ಲಿ ಮಾಡಿದ್ದು. ಬ್ರಿಟನ್, ಟರ್ಕಿ, ಕೆನಡಾ, ಆಸ್ಟ್ರೇಲಿಯಾ. ಒಂದು ಸಣ್ಣ ನೀರಿನ ಕಾಲುವೆಗೆ ಇಲ್ಲಿರುವವರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಆಸ್ಟ್ರೇಲಿಯಾದ ಹುಡುಗನ ಹೆಸರಿಟ್ಟಿದ್ದಾರೆ. ಅವನಿಗೆ 17 ವರ್ಷ. ಅವ್ವ ಆ ನೀರಿನ ಪಕ್ಕ ಕೂತುಬಿಟ್ಟರು. ಕಪ್ಪು ಕಲ್ಲಿನ ಗೋಡೆಯ ಮೇಲೆ 40,000ಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ಪ್ರತಿ ವರ್ಷ ನವೆಂಬರ್ 11ರ ಬೆಳಗ್ಗೆ 11 ಗಂಟೆಗೆ ಈ ಊರಿನಲ್ಲಿ ಸೈರನ್ ಊದುತ್ತಾರೆ, ಬೇರೆ ಬೇರೆ ದೇಶಗಳಲ್ಲಿ ಜನ ಬುಸಾನಿನ ಕಡೆ ತಿರುಗಿ ಒಂದು ನಿಮಿಷ ನಿಲ್ಲುತ್ತಾರೆ.

ಬಾವುಟಗಳ ಸಾಲಿನಲ್ಲಿ ನಮ್ಮದೂ ಇದೆ. ಭಾರತ ಯುದ್ಧಕ್ಕೆ ಸೈನ್ಯ ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಅನ್ನುವ ಆ ವೈದ್ಯಕೀಯ ತುಕಡಿ 1950ರ ನವೆಂಬರ್‌ನಲ್ಲಿ ಬುಸಾನಿನಲ್ಲೇ ಇಳಿದದ್ದು. ಯುದ್ಧ ನಿಂತ ಮೇಲೆ, ಊರಿಗೆ ವಾಪಸ್ ಹೋಗಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧ ಕೈದಿಗಳ ವಿಚಾರ ಯಾರು ನೋಡಬೇಕು ಅನ್ನುವ ಪ್ರಶ್ನೆ ಬಂತು. ಅದಕ್ಕೆಂದೇ ಮಾಡಿದ ಆಯೋಗದ ಮುಖ್ಯಸ್ಥರಾಗಿ 1953ರಲ್ಲಿ ಬಂದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. ಅವರ ಕೆಲಸ ನಡೆದದ್ದು ಇಲ್ಲಲ್ಲ, ಉತ್ತರದ ಗಡಿಯ ಹತ್ತಿರ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಬಾರದು ಅಂದಿದ್ದರು. ಹಾಗಾಗಿ ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಅವರನ್ನು ಗಡಿಗೆ ಸಾಗಿಸಿದರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಸನ್ನಿ ಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಬಸ್ಸಿನಲ್ಲಿ ಅದರ ಮುಂದೆ ಹೋಗುವಾಗಲೆಲ್ಲ ಅವ್ವ ಕೈ ಮುಗಿಯುತ್ತಾರೆ. ನಾನು ಈ ಕಥೆ ಹೇಳಿದಾಗ ಎದ್ದು ನಿಂತು ಸೀರೆ ಸೆರಗು ಸರಿ ಮಾಡಿಕೊಂಡರು. ಆ ಬಾವುಟದ ಕೆಳಗೆ ಐದು ನಿಮಿಷ ಹಾಗೇ ನಿಂತರು. ಕೊಡಗಿನಿಂದ, ಅಥವಾ ಸೈನ್ಯದವರ ಮನೆಯಿಂದ ಯಾರೇ ಬಂದರೂ ಬೀಚ್ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ. ದುಡ್ಡಿಲ್ಲ. ನೆಲ ಸಮ, ಮೆಟ್ಟಿಲಿಲ್ಲ. ಚಡ್ಡಿ, ಗಲಾಟೆ ಬೇಡ.

ಮಧ್ಯಾಹ್ನ ಉತ್ತರಕ್ಕೆ, 1ನೇ ಲೈನ್‌ನ ಒಂಚೊನ್‌ಜಾಂಗ್. ಹೆಸರಿನ ಅರ್ಥವೇ ಬಿಸಿನೀರಿನ ಜಾಗ ಅಂತ. ಪುತ್ತೂರಿನ ಬೆಂದ್ರು ತೀರ್ಥದ ಹಾಗೆ ನೆಲದಿಂದ ಬಿಸಿನೀರು ಬರುತ್ತದೆ. ರಸ್ತೆ ಬದಿಯಲ್ಲೇ ಕಾಲು ಇಳಿಬಿಟ್ಟು ಕೂರುವ ಕಟ್ಟೆ ಇದೆ, ಪುಕ್ಕಟೆ. ಊರಿನ ಅಜ್ಜ ಅಜ್ಜಿಯರೆಲ್ಲ ಪ್ಯಾಂಟ್ ಮಡಚಿ ಕೂತು ಹರಟುತ್ತಿದ್ದರು. ಅವ್ವನಿಗೆ ಜಾಗ ಮಾಡಿಕೊಟ್ಟರು. ಮೂರು ದಿನದ ನಡಿಗೆ ಅರ್ಧ ಗಂಟೆಯಲ್ಲಿ ಇಳಿಯಿತು. ಟವೆಲ್ ತಗೊಂಡು ಹೋಗಿ. ಇದಕ್ಕೆ ರಜಾದಿನ ಇರುತ್ತದೆ, ನೋಡಿಕೊಂಡು ಹೋಗಿ.

ಆ ನಿಲ್ದಾಣದ ಹತ್ತಿರವೇ ಮೋಮೋಸ್ ಕಾಫಿ. 2019ರ ವಿಶ್ವ ಬರಿಸ್ತಾ ಸ್ಪರ್ಧೆ ಗೆದ್ದ ಜಿಯೊನ್ ಜೂಯೊನ್ ಈ ಅಂಗಡಿಯವರು, ಆ ಪ್ರಶಸ್ತಿ ಪಡೆದ ಮೊದಲ ಕೊರಿಯನ್. ಕೊರಿಯಾಕ್ಕೆ ಬರುವ ಕಾಫಿ ಬೀಜದಲ್ಲಿ ಹೆಚ್ಚುಪಾಲು ಇಳಿಯುವುದು ಬುಸಾನ್ ಬಂದರಿನಲ್ಲೇ. ಕಾಫಿ ಬೆಳೆಯುವವರನ್ನು ಕರೆದುಕೊಂಡು ಬಂದು ಇಲ್ಲಿಗೆ ಬರದೆ ಹೋಗುವುದುಂಟಾ?

ನಾವು ಕೈಯಲ್ಲಿ ಸೋಸಿದ ಕಾಫಿ ಹೇಳಿದೆವು. ಹಾಲಿಲ್ಲ, ಸಕ್ಕರೆ ಇಲ್ಲ, ಚಿಕೋರಿ ಅಂತೂ ಕೇಳಲೇಬೇಡಿ. ಕಪ್ಪಿನ ತಳ ಕಾಣುವಷ್ಟು ತೆಳು. ಅವ್ವ ಮೊದಲ ಗುಟುಕಿಗೆ "ಹಣ್ಣಿನ ರಸದ ಹಾಗಿದೆ" ಅಂದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಹುಳಿ ಸ್ವಲ್ಪ, ಕೊನೆಗೆ ಬೆಲ್ಲದ ನೆನಪು. ಆಮೇಲೆ ಫೋನ್ ತೆಗೆದು ಬಾರಿನ ಹಿಂದಿದ್ದ ಹುಡುಗಿಗೆ ತೋರಿಸಿದರು: ಸಿಲ್ವರ್ ಮರದ ನೆರಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕೆಂಪಗೆ ಹಣ್ಣಾದ ಅರೇಬಿಕಾ. ಆ ಹುಡುಗಿ ಫೋಟೋ ದೊಡ್ಡದು ಮಾಡಿ ನೋಡಿದಳು. ಗಿಡದ ಮೇಲಿನ ಬಳ್ಳಿ ಯಾವುದು ಅಂತ ಕೇಳಿದಳು. ಕಾಳುಮೆಣಸು ಅಂದಾಗ ಇನ್ನಿಬ್ಬರನ್ನು ಕರೆದಳು. ಒಂದೇ ತೋಟದಲ್ಲಿ ಎರಡೂ ಬೆಳೆಯುತ್ತದೆ ಅನ್ನುವುದು ಅವರಿಗೆ ಹೊಸದು. ಅವರು ಒಂದು ಚಿಕ್ಕ ಕಪ್ಪಿನಲ್ಲಿ ಬೇರೆ ಕಾಫಿ ತಂದುಕೊಟ್ಟರು, ಅವ್ವ ಕುಡಿದು ಹೇಗಿದೆ ಹೇಳಬೇಕಂತೆ. ನಲವತ್ತು ವರ್ಷ ಕಾಫಿ ಬೆಳೆದಿದ್ದಾರೆ. ಒಣಗಿಸಿದ್ದು ಸರಿಯಾ, ಮಳೆ ಬಿದ್ದಿತ್ತಾ, ಬೆಲೆ ಎಷ್ಟು ಅಂತ ಬಿಟ್ಟರೆ ರುಚಿ ಹೇಗಿದೆ ಅಂತ ಅವ್ವನನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಕಾಫಿ ನಮ್ಮ ಹೋಟೆಲಿಗಿಂತ ಎಷ್ಟೋ ಪಟ್ಟು ದುಬಾರಿ. ಕೊಟ್ಟದ್ದಕ್ಕೆ ನನಗೆ ಒಂದು ರೂಪಾಯಿಯೂ ಬೇಸರವಿಲ್ಲ.

ಕೊನೆಯ ದಿನ ಪಶ್ಚಿಮ. ಬುಸಾನಿನ ವಿಮಾನ ನಿಲ್ದಾಣ ಇರುವುದು ಪಕ್ಕದ ಊರು ಗಿಮ್ಹೆಯ ದಾರಿಯಲ್ಲಿ. ಸಸಾಂಗ್‌ನಿಂದ ಹೊರಡುವ ಲೈಟ್ ರೈಲು ವಿಮಾನ ನಿಲ್ದಾಣ ದಾಟಿ ಗಿಮ್ಹೆ ಊರಿನೊಳಗೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ವಿಮಾನ ಇದ್ದರೆ ಬೆಳಗ್ಗೆ ಪೂರ್ತಿ ಗಿಮ್ಹೆಗೆ ಸಿಗುತ್ತದೆ. ಇಲ್ಲಿ ಹಳೆಯ ಕಾಲದ ಕೊರಿಯಾದ ಗಯಾ ರಾಜ್ಯದ ಸುರೋ ರಾಜನ ಸಮಾಧಿ, ಒಂದು ಕಿಲೋಮೀಟರ್ ಆಚೆ ಅವನ ರಾಣಿ ಹೊ ಹ್ವಾಂಗ್‌ಒಕ್‌ಳ ಸಮಾಧಿ. ಹಸಿರು ಹುಲ್ಲಿನ ದೊಡ್ಡ ದಿಬ್ಬಗಳು. ರಾಣಿ ಕ್ರಿ.ಶ. 48ರಲ್ಲಿ ಅಯುತ ಅನ್ನುವ ದೇಶದಿಂದ ಹಡಗಿನಲ್ಲಿ ಬಂದಳು ಅಂತ 13ನೇ ಶತಮಾನದ ಹಳೆಯ ಗ್ರಂಥ ಹೇಳುತ್ತದೆ. ಆ ಅಯುತ ನಮ್ಮ ಅಯೋಧ್ಯೆ ಅಂತ ಕೆಲವರು ನಂಬುತ್ತಾರೆ. ಸಮುದ್ರ ಶಾಂತವಾಗಲಿ ಅಂತ ತಂದಳೆನ್ನುವ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಪಕ್ಕದಲ್ಲಿ ಇಟ್ಟಿದ್ದಾರೆ. ಸವೆದು ದುಂಡಗಾಗಿವೆ.

ಅವ್ವನ ಗಮನ ಹೋದದ್ದು ಬೇರೆ ಕಡೆ. ಗಿಮ್ಹೆಯ ಕಿಮ್ ಮನೆತನದವರು, ಹೊ ಮನೆತನದವರು ಆ ರಾಜ ರಾಣಿಯ ಮಕ್ಕಳ ವಂಶ, ಹಾಗಾಗಿ ಅವರೊಳಗೆ ಮದುವೆ ಮಾಡದಿರುವುದು ಹಳೆಯ ರೂಢಿ ಅಂತ ನಾನು ಹೇಳಿದೆ. "ಒಕ್ಕದ ಹಾಗೆ" ಅಂದರು ಅವ್ವ. ಒಕ್ಕ ಅಂದರೆ ಕೊಡವರ ಮನೆತನ. ನಮ್ಮಲ್ಲೂ ಒಂದೇ ಒಕ್ಕದೊಳಗೆ ಮದುವೆ ಇಲ್ಲ. ಹೆಸರು ಬರೆಯುವಾಗ ಮನೆತನ ಮೊದಲು, ಸ್ವಂತ ಹೆಸರು ಆಮೇಲೆ. ಕೊರಿಯನ್ನರದ್ದೂ ಅದೇ ಕ್ರಮ. ಕಿಮ್ ಮೊದಲು. ನಮ್ಮ ಜನರಲ್ ಹೆಸರಿನಲ್ಲೂ ಮನೆತನದ ಕೊಡಂದೇರ ಮೊದಲು, ಆಮೇಲೆ ತಿಮ್ಮಯ್ಯ. ಸಮಾಧಿಯ ಕಾವಲುಗಾರರೊಬ್ಬರು ನಮ್ಮನ್ನು ನೋಡಿ "ಇಂದೊ?" ಅಂತ ಕೇಳಿದರು, ಇಂಡಿಯಾನಾ ಅಂತ. ಹೌದು ಅಂದಾಗ ಎದೆ ಮುಟ್ಟಿಕೊಂಡು "ಗಿಮ್ಹೆ ಕಿಮ್" ಅಂದು, ರಾಣಿಯ ದಿಬ್ಬದ ಕಡೆ ಕೈ ತೋರಿಸಿ ಅವ್ವನಿಗೆ ಬಗ್ಗಿ ನಮಸ್ಕಾರ ಮಾಡಿದರು. ಅವ್ವನೂ ಬಗ್ಗಿದರು. ಮಂಡಿ ಹಿಡಿದುಕೊಳ್ಳದೆ.

ಅಲ್ಲಿಂದ ವಾಪಸ್ ಅದೇ ರೈಲು, ವಿಮಾನ ನಿಲ್ದಾಣದ ಬಾಗಿಲಿಗೇ ಬಿಡುತ್ತದೆ. ಸೂಟ್‌ಕೇಸ್ ಎಳೆದುಕೊಂಡು ಸಮಾಧಿ ಸುತ್ತಬೇಡಿ, ಮೊದಲು ಲಾಕರಿನಲ್ಲಿಟ್ಟು ಹೋಗಿ.